ಕೇಳುವ ಮೊದಲೇ ಕೊಟ್ಟ ರಕ್ತ

ದೊಡ್ಡ ಆಸ್ಪತ್ರೆಗಳ ಬ್ಲಡ್ ಬ್ಯಾಂಕಿನ ಕಿಟಕಿಯಲ್ಲಿ ರೋಗಿಯ ಕಡೆಯವರು ಸಾಮಾನ್ಯವಾಗಿ ಎದುರಿಸುವ ಪ್ರಶ್ನೆ ಒಂದೇ: ‘ಡೋನರ್ ಕರ್ಕೊಂಡು ಬಂದಿದ್ದೀರಾ?’ ಎರಡು ಬಾಟಲಿ ರಕ್ತ ಬೇಕಾದರೆ ನಿಮ್ಮ ಕಡೆಯಿಂದ ಇಬ್ಬರು ಬಂದು ರಕ್ತ ಕೊಡಬೇಕು. ಊರಲ್ಲಿ ನೆಂಟರಿಷ್ಟರು ಇರುವವರಿಗೆ ಇದು ಅಷ್ಟೇನೂ ಕಷ್ಟವಲ್ಲ. ಅಣ್ಣನ ಮಗ ಬರುತ್ತಾನೆ, ಆಫೀಸಿನ ಗೆಳೆಯ ಬೈಕ್ ಹತ್ತಿ ಬರುತ್ತಾನೆ, ಯಾರೂ ಇಲ್ಲವೆಂದರೆ ಕಾಲೇಜಿನ ಹಳೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಮೆಸೇಜು ಹಾಕಿದರೆ ಗಂಟೆಯೊಳಗೆ ನಾಲ್ಕು ಜನ ಸಿಗುತ್ತಾರೆ. ಆದರೆ ಯಾದಗಿರಿಯ ಕಡೆಯಿಂದ ಬೆಂಗಳೂರಿಗೆ ಬಂದು, ಕಟ್ಟಡದ ಕೆಲಸ ಮಾಡುತ್ತಾ, ಅದೇ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಸಂಸಾರ ನಡೆಸುವವನನ್ನು ನೆನೆದುಕೊಳ್ಳಿ. ಹೆಂಡತಿಗೆ ಹೆರಿಗೆಯಾಗಿದೆ, ರಕ್ತಸ್ರಾವ ನಿಲ್ಲುತ್ತಿಲ್ಲ. ಅವನ ಮೊಬೈಲಿನಲ್ಲಿರುವ ಈ ಊರಿನ ನಂಬರುಗಳು ಮೇಸ್ತ್ರಿಯದು ಮತ್ತು ಜೊತೆಗೆ ಕೆಲಸ ಮಾಡುವವರದು, ಅಷ್ಟೇ. ಜೊತೆಯವರು ಅರ್ಧ ದಿನದ ಕೂಲಿ ಬಿಟ್ಟು ಬರಬೇಕು. ಬಂದರೂ ಒಬ್ಬನ ತೂಕ ಸಾಲದು, ಇನ್ನೊಬ್ಬ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಮತ್ತೊಬ್ಬನಿಗೆ ಹೋದ ತಿಂಗಳಷ್ಟೇ ಮಲೇರಿಯಾ ಬಂದುಹೋಗಿದೆ.

ಹೆರಿಗೆಯ ನಂತರದ ರಕ್ತಸ್ರಾವ ತಾಯಂದಿರ ಸಾವಿನ ಮುಖ್ಯ ಕಾರಣಗಳಲ್ಲೊಂದು. ಅದು ದಿನಗಟ್ಟಲೆ ಕಾಯುವ ಕಾಯಿಲೆಯಲ್ಲ, ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿದುಹೋಗುತ್ತದೆ. ಇಂಥ ಹೊತ್ತಿನಲ್ಲಿ ಆ ಹೆಣ್ಣುಮಗಳ ಜೀವ ಉಳಿಯುವುದು ಅವಳ ಗಂಡ ಓಡಾಡಿ ತರುವ ಡೋನರ್‌ಗಳಿಂದಲ್ಲ. ಅವಳಿಗೆ ನೋವು ಕಾಣಿಸಿಕೊಳ್ಳುವ ಎಷ್ಟೋ ದಿನ ಮೊದಲು, ಅವಳ ಹೆಸರು ಕೂಡ ಗೊತ್ತಿಲ್ಲದ ಯಾರೋ ಬಂದು, ಮಲಗಿ, ತೋಳು ಚಾಚಿ ಕೊಟ್ಟುಹೋದ ರಕ್ತದಿಂದ. ಅದು ಫ್ರಿಜ್ಜಿನಲ್ಲಿ ಇರಬೇಕು, ಅಷ್ಟೇ. ಇದ್ದರೆ ಬದುಕುತ್ತಾಳೆ.

ಸ್ವಾರ್ಥ ಹೆಚ್ಚಾಯಿತು, ಯಾರಿಗೂ ಯಾರೂ ಬೇಡವಾಯಿತು ಎಂದು ನಾವು ದಿನವೂ ಮಾತಾಡುತ್ತೇವೆ. ಆ ಮಾತನ್ನು ಭಾಷಣದ ಮಟ್ಟದಿಂದ ಇಳಿಸಿ, ಲೆಕ್ಕ ಹಾಕಿ ನೋಡಬಹುದಾದ ಒಂದು ಜಾಗವಿದ್ದರೆ ಅದು ಬ್ಲಡ್ ಬ್ಯಾಂಕಿನ ಫ್ರಿಜ್ಜು ಎಂದು ನನಗನ್ನಿಸುತ್ತದೆ. ಔದಾರ್ಯ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಹೇಗೋ ನಡೆಯುತ್ತದೆ ಎಂದು ಬೇರೆ ಎಷ್ಟೋ ಕಡೆ ಹೇಳಬಹುದು. ಇಲ್ಲಿ ಹಾಗೆ ಹೇಳಲು ಬರುವುದಿಲ್ಲ. ಮನುಷ್ಯನ ಕೆಂಪು ರಕ್ತಕಣಗಳನ್ನು ಆಸ್ಪತ್ರೆಗಳಿಗೆ ಬೇಕಾದಷ್ಟು ತಯಾರಿಸಿಕೊಡುವ ಕಾರ್ಖಾನೆ ಇಂದಿಗೂ ಜಗತ್ತಿನಲ್ಲಿ ಎಲ್ಲೂ ಇಲ್ಲ. ಎಷ್ಟು ದುಡ್ಡಿದ್ದವನಿಗೂ ಅದು ಇನ್ನೊಬ್ಬ ಮನುಷ್ಯನ ತೋಳಿನಿಂದಲೇ ಬರಬೇಕು.

ಬಂದದ್ದನ್ನು ಬಹುಕಾಲ ಕೂಡಿಟ್ಟುಕೊಳ್ಳಲೂ ಆಗುವುದಿಲ್ಲ. ಒಂದು ಸಲಕ್ಕೆ ತೆಗೆಯುವುದು 350 ಅಥವಾ 450 ಮಿಲಿಲೀಟರ್. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ ಎನ್ನುವುದು ನೆನಪಿರಲಿ. ಚೀಲದೊಳಗೆ ಮೊದಲೇ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ ಇರುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದರ ಪರೀಕ್ಷೆ ಮುಗಿಯದೆ ಯಾವ ಚೀಲವೂ ರೋಗಿಯ ಹತ್ತಿರ ಹೋಗುವಂತಿಲ್ಲ. ತೆಗೆದ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸುತ್ತಾರೆ. ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ ವರ್ಷದವರೆಗೆ ಇಡಬಹುದು. ಕೆಂಪುಕಣ 35 ದಿನ, ಪೋಷಕ ದ್ರಾವಣ ಬೆರೆಸಿದರೆ 42 ದಿನ. ಪ್ಲೇಟ್‌ಲೆಟ್ ಬರೀ 5 ದಿನ, ಅದೂ ಮೆಲ್ಲಗೆ ಅಲುಗಾಡಿಸುತ್ತಲೇ ಇರಬೇಕು. ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್‌ಗಾಗಿ ಊರೆಲ್ಲ ಅಲೆದವರಿಗೆ ಈ ಐದು ದಿನದ ಅರ್ಥ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಹಾಗಾದರೆ ದುಡ್ಡು ಕೊಟ್ಟು ಕೊಳ್ಳಬಹುದಲ್ಲ? ಕೊಳ್ಳುತ್ತಿದ್ದೆವು. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ನಮ್ಮ ದೇಶದಲ್ಲಿ ರಕ್ತ ಮಾರುವುದನ್ನೇ ಕಸುಬು ಮಾಡಿಕೊಂಡವರು ಇದ್ದರು. ರಿಕ್ಷಾ ಎಳೆಯುವವರು, ಕೂಲಿ ಸಿಗದ ದಿನ ಹೊಟ್ಟೆಪಾಡಿಗೆ ಬಂದವರು, ಕುಡಿತದ ಚಟಕ್ಕೆ ಸಿಕ್ಕವರು. ಮೂರು ತಿಂಗಳ ಅಂತರ ಇರಬೇಕಾದ ಕಡೆ ವಾರಕ್ಕೊಂದು ಬ್ಲಡ್ ಬ್ಯಾಂಕ್ ಹತ್ತಿ ಇಳಿದವರೂ ಇದ್ದರು. ಅವರ ರಕ್ತದಲ್ಲಿ ಕಬ್ಬಿಣದಂಶವೂ ಇರುತ್ತಿರಲಿಲ್ಲ, ರೋಗ ಇಲ್ಲವೆಂಬ ಭರವಸೆಯೂ ಇರುತ್ತಿರಲಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯವೇ ಮಾಡಿಸಿದ 1990ರ ಒಂದು ವರದಿ ಈ ದುಃಸ್ಥಿತಿಯನ್ನೂ, ಪರವಾನಗಿಯಿಲ್ಲದೆ ನಡೆಯುತ್ತಿದ್ದ ಬ್ಲಡ್ ಬ್ಯಾಂಕುಗಳನ್ನೂ ಬಯಲಿಗಿಟ್ಟಿತು. ಎಚ್.ಡಿ. ಶೌರಿ ಅವರ ‘ಕಾಮನ್ ಕಾಸ್’ ಸಂಸ್ಥೆ ಅದನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಜನವರಿಯಲ್ಲಿ ತೀರ್ಪು ಬಂತು. ರಾಷ್ಟ್ರ ಮತ್ತು ರಾಜ್ಯ ಮಟ್ಟದಲ್ಲಿ ರಕ್ತ ಸಂಚಯನ ಪರಿಷತ್ತುಗಳು ಹುಟ್ಟಿದ್ದು ಆ ತೀರ್ಪಿನಿಂದ. ದುಡ್ಡಿಗೆ ರಕ್ತ ಕೊಡುವ ಪದ್ಧತಿ 1998ರ ಜನವರಿ 1ರಿಂದ ನಿಷಿದ್ಧವಾಯಿತು. ಇವತ್ತು ಬ್ಲಡ್ ಬ್ಯಾಂಕ್ ನಿಮ್ಮಿಂದ ಪಡೆಯುವ ಹಣ ಪರೀಕ್ಷೆ, ಚೀಲ, ಶೇಖರಣೆಯ ಖರ್ಚಿನದು. ರಕ್ತಕ್ಕೆ ಬೆಲೆ ಕಟ್ಟುವಂತಿಲ್ಲ.

ಈ ವಿಷಯದಲ್ಲಿ ಜಗತ್ತಿನ ಕಣ್ಣು ತೆರೆಸಿದವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಪಾಠ ಮಾಡುತ್ತಿದ್ದ ರಿಚರ್ಡ್ ಟಿಟ್‌ಮಸ್. 1970ರಲ್ಲಿ ಬಂದ ‘ದ ಗಿಫ್ಟ್ ರಿಲೇಷನ್‌ಶಿಪ್’ ಎಂಬ ಅವರ ಪುಸ್ತಕ ಬ್ರಿಟನ್ನನ್ನೂ ಅಮೆರಿಕವನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಬ್ರಿಟನ್ನಿನಲ್ಲಿ ಜನ ಸುಮ್ಮನೆ ಬಂದು ಕೊಡುತ್ತಿದ್ದರು. ಅಮೆರಿಕದಲ್ಲಿ ಆಗ ರಕ್ತದ ಒಂದು ಭಾಗ ಮಾರಾಟದ ಸರಕಾಗಿತ್ತು. ಎಲ್ಲಕ್ಕೂ ಬೆಲೆ ಕಟ್ಟಿದರೆ ವ್ಯವಸ್ಥೆ ಚುರುಕಾಗುತ್ತದೆ ಎಂದು ನಂಬುವವರು ನಿರೀಕ್ಷಿಸುವುದಕ್ಕೆ ಪೂರಾ ಉಲ್ಟಾ ಚಿತ್ರ ಅಲ್ಲಿತ್ತು. ಕೊಂಡ ರಕ್ತದಿಂದಲೇ ಕಾಮಾಲೆ ಹೆಚ್ಚು ಹರಡುತ್ತಿತ್ತು, ರಕ್ತ ಪೋಲಾಗುವುದೂ ಅಲ್ಲಿಯೇ ಹೆಚ್ಚು. ಕಾರಣ ತುಂಬಾ ಸರಳ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಯಾವ ಪರೀಕ್ಷೆಗೂ ಅದು ಕಾಣಿಸದ ಒಂದು ಅವಧಿ ಇರುತ್ತದೆ. ಆ ಅವಧಿಯಲ್ಲಿ ರೋಗಿಯನ್ನು ಕಾಪಾಡುವುದು ಫಾರಂ ತುಂಬುವಾಗ ದಾನಿ ಹೇಳುವ ನಿಜ ಮಾತ್ರ. ಮಾರಲು ಬಂದವನಿಗೆ ನಿಜ ಹೇಳಿದರೆ ಆ ದಿನದ ದುಡ್ಡು ಹೋಗುತ್ತದೆ. ಸುಮ್ಮನೆ ಕೊಡಲು ಬಂದವನಿಗೆ ಮುಚ್ಚಿಡಲು ಕಾರಣವೇ ಇಲ್ಲ. ಅಲ್ಲಿಗೆ, ನಿಸ್ವಾರ್ಥ ಎನ್ನುವುದು ರಕ್ತದ ಗುಣಮಟ್ಟದ ಪರೀಕ್ಷೆಗಳಲ್ಲಿ ಮೊದಲನೆಯದಾಯಿತು! 1978ರಿಂದ ಅಮೆರಿಕದಲ್ಲಿ ಪ್ರತಿ ಚೀಲದ ಮೇಲೂ ಇದು ಕೊಂಡ ರಕ್ತವೋ ಸ್ವಯಂಸೇವಕರು ಕೊಟ್ಟದ್ದೋ ಎಂದು ಚೀಟಿ ಅಂಟಿಸುವುದು ಕಡ್ಡಾಯವಾಯಿತು. ರೋಗಿಗೆ ನೇರವಾಗಿ ಕೊಡುವ ರಕ್ತದ ಮಟ್ಟಿಗೆ ಅಲ್ಲಿಯೂ ಕೊಳ್ಳುವ ರೂಢಿ ಹೆಚ್ಚುಕಡಿಮೆ ನಿಂತೇಹೋಯಿತು.

ಟಿಟ್‌ಮಸ್ ಇನ್ನೂ ಒಂದು ಮಾತು ಹೇಳಿದ್ದರು: ದುಡ್ಡು ತಂದಿಟ್ಟರೆ ಸುಮ್ಮನೆ ಕೊಡುತ್ತಿದ್ದವರೂ ಹಿಂದೆ ಸರಿಯುತ್ತಾರೆ. ಅರ್ಥಶಾಸ್ತ್ರಜ್ಞರು ಇದನ್ನು ಬಹಳ ಕಾಲ ಒಪ್ಪಲಿಲ್ಲ. 2008ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಇದನ್ನು ಪರೀಕ್ಷೆ ಮಾಡಿ ನೋಡಿ ಪ್ರಕಟಿಸಿದರು. ರಕ್ತದಾನಿಗಳಾಗಲು ಬರುತ್ತೀರಾ ಎಂದು ಸುಮ್ಮನೆ ಕೇಳಿದಾಗ ಹೆಂಗಸರಲ್ಲಿ ನೂರಕ್ಕೆ 52 ಮಂದಿ ಮುಂದೆ ಬಂದರು. ಸಣ್ಣ ಮೊತ್ತ ಕೊಡುತ್ತೇವೆ ಎಂದಾಗ ಬಂದವರು ನೂರಕ್ಕೆ 30. ಆ ಮೊತ್ತವನ್ನು ಬೇಕಾದರೆ ಧರ್ಮಕಾರ್ಯಕ್ಕೆ ಬಿಟ್ಟುಕೊಡಬಹುದು ಎಂದಾಗ ಮತ್ತೆ 53. ಗಂಡಸರಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಸಣ್ಣಪುಟ್ಟ ಉಡುಗೊರೆಗಳಿಂದ ದಾನಿಗಳು ಹೆಚ್ಚಿದ್ದಾರೆ ಎಂದು ತೋರಿಸಿದ ಅಧ್ಯಯನಗಳೂ ಇವೆ, ಹಾಗಾಗಿ ಇದೇ ಕೊನೆಯ ಮಾತು ಎಂದು ನಾನು ಹೇಳುವುದಿಲ್ಲ. ಆದರೆ ಒಳ್ಳೆಯ ಕೆಲಸಕ್ಕೆ ಬಂದವರ ಕೈಗೆ ಚಿಲ್ಲರೆ ತುರುಕಿದರೆ ಅವರಿಗೆ ಬೇಸರವಾಗುತ್ತದೆ ಎನ್ನುವುದನ್ನು ಅರ್ಥ ಮಾಡಿಕೊಳ್ಳಲು ನಮಗೆ ಸ್ವೀಡನ್ನಿಗೆ ಹೋಗಬೇಕಾಗಿಲ್ಲ.

ಕಾನೂನಿನಲ್ಲಿ ರಕ್ತದ ಮಾರಾಟ ನಿಂತಿತು. ಆದರೆ ಅದರ ಜಾಗವನ್ನು ಪೂರ್ತಿ ತುಂಬಿದ್ದು ಔದಾರ್ಯವಲ್ಲ. ಬಹಳಷ್ಟು ಕಡೆ ಆ ಜಾಗಕ್ಕೆ ಬಂದದ್ದು ಕಿಟಕಿಯ ಆ ಪ್ರಶ್ನೆ: ನಿಮ್ಮ ಕಡೆಯ ಡೋನರ್ ಎಲ್ಲಿ? ನಮ್ಮ ಹಳ್ಳಿಗಳಲ್ಲಿ ನಾಟಿ, ಕೊಯ್ಲಿನ ಕಾಲಕ್ಕೆ ಮುಯ್ಯಾಳು ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಇವತ್ತು ನಿಮ್ಮ ಗದ್ದೆಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು ಬರಬೇಕು. ಮದುವೆಯಲ್ಲಿ ಮುಯ್ಯಿ ಮಾಡುವುದೂ ಹಾಗೆಯೇ, ಬರೆದಿಟ್ಟುಕೊಂಡು ತೀರಿಸುವ ಲೆಕ್ಕ. ಅದು ಒಳ್ಳೆಯ ಪದ್ಧತಿ, ಎಷ್ಟೋ ಬಡ ಸಂಸಾರಗಳನ್ನು ಎತ್ತಿ ನಿಲ್ಲಿಸಿದೆ. ಆದರೆ ಅದರೊಳಗೆ ಬರಲು ನಿಮಗೊಂದು ಗದ್ದೆ ಇರಬೇಕು, ಊರಲ್ಲಿ ಗುರುತಿರಬೇಕು. ಅದೇ ಹಳ್ಳಿಯ ದಾರಿಯಲ್ಲಿ ಬೇಸಿಗೆಗೆ ಅರವಟ್ಟಿಗೆಯನ್ನೂ ಇಡುತ್ತಿದ್ದರು. ಮಡಕೆಯ ನೀರು ಕುಡಿದು ಹೋಗುವವನು ಯಾವ ಊರಿನವನು, ತಿರುಗಿ ಈ ದಾರಿಯಲ್ಲಿ ಬರುತ್ತಾನೋ ಇಲ್ಲವೋ ಇಟ್ಟವರಿಗೆ ಗೊತ್ತಿರುವುದಿಲ್ಲ. ರಕ್ತವನ್ನು ನಾವು ಮುಯ್ಯಿಯ ಲೆಕ್ಕದಲ್ಲಿ ನಡೆಸುತ್ತಿದ್ದೇವೆ. ಅದು ನಡೆಯಬೇಕಾದದ್ದು ಅರವಟ್ಟಿಗೆಯ ಹಾಗೆ.

2002ರ ರಾಷ್ಟ್ರೀಯ ರಕ್ತ ನೀತಿ ಕೂಡ ಬದಲಿ ರಕ್ತ ಕೇಳುವ ಪದ್ಧತಿಯನ್ನು ಕ್ರಮೇಣ ಕೈಬಿಡಬೇಕು ಎಂದೇ ಹೇಳುತ್ತದೆ. ಕೈಬಿಡಲು ಆಗಿಲ್ಲ. ಇದಕ್ಕೆ ಬ್ಲಡ್ ಬ್ಯಾಂಕಿನ ಸಿಬ್ಬಂದಿಯನ್ನು ಬೈದು ಫಲವಿಲ್ಲ. ಅವರ ಹತ್ತಿರ ಇರುವುದನ್ನು ಅವರು ಹಂಚುತ್ತಾರೆ. ಜೀವ ಹೋಗುವ ಸಂದರ್ಭದಲ್ಲಿ ಬದಲಿ ಕೇಳದೆ ಕೊಟ್ಟು, ಆಮೇಲೆ ದಾಸ್ತಾನು ಹೊಂದಿಸಲು ಪರದಾಡುವವರೂ ಅವರೇ. ಅವರ ಮುಂದೆ ಖಾಲಿ ಫ್ರಿಜ್ಜು ಇಟ್ಟವರು ನಾವು. ಬದಲಿ ಪದ್ಧತಿಯ ಕೇಡು ಇನ್ನೂ ಒಂದಿದೆ. ಡೋನರ್ ಸಿಗದೆ ಕಂಗಾಲಾದವರ ಹತ್ತಿರ ಆಸ್ಪತ್ರೆಯ ಗೇಟಿನಲ್ಲಿ ಯಾರೋ ಬಂದು ಪಿಸುಗುಟ್ಟುತ್ತಾರೆ, ಇಷ್ಟು ಕೊಟ್ಟರೆ ನಿಮ್ಮ ಭಾವಮೈದುನ ಎಂದು ಹೇಳಿ ನಾನೇ ಕೊಡುತ್ತೇನೆ ಎನ್ನುತ್ತಾರೆ. 1998ರಲ್ಲಿ ಮುಂದಿನ ಬಾಗಿಲಿನಿಂದ ಹೊರಗೆ ಕಳಿಸಿದ ವ್ಯಾಪಾರ ನೆಂಟನ ವೇಷದಲ್ಲಿ ಹಿತ್ತಲಿನಿಂದ ಒಳಗೆ ಬರುವುದು ಹೀಗೆ. ಅಕ್ಕನಿಗೆ ರಕ್ತ ಕೊಡಲೇಬೇಕು ಎಂಬ ಒತ್ತಡದಲ್ಲಿ ನಿಜವಾದ ತಮ್ಮನೂ ತನ್ನ ಕಾಯಿಲೆಯನ್ನು ಮುಚ್ಚಿಡಬಹುದು. ಹತ್ತು ಜನ ನೆಂಟರ ಎದುರಿಗೆ ‘ನನ್ನಿಂದ ಆಗಲ್ಲ’ ಎನ್ನುವುದು ಸುಲಭವಲ್ಲ.

ನಮ್ಮ ಜನ ಕಲ್ಲೆದೆಯವರು ಎಂದು ನಾನು ಖಂಡಿತ ಒಪ್ಪುವುದಿಲ್ಲ. ರಸ್ತೆಯಲ್ಲಿ ಅಪಘಾತವಾದರೆ ಎಲ್ಲೋ ಹೊರಟವರು ಬೈಕ್ ನಿಲ್ಲಿಸಿ ಗಾಯಾಳುವನ್ನು ಆಟೋಗೆ ಹತ್ತಿಸುತ್ತಾರೆ. ಕೋವಿಡ್ ಕಾಲದಲ್ಲಿ ಸ್ವಂತ ಮನೆಯವರೇ ಮುಟ್ಟದ ಶವಗಳಿಗೆ ಹೆಗಲು ಕೊಟ್ಟ ಹುಡುಗರನ್ನು ನಾವೆಲ್ಲ ನೋಡಿದ್ದೇವೆ. ಕೊರತೆ ಇರುವುದು ಕರುಣೆಯಲ್ಲಿ ಅಲ್ಲ. ಕಣ್ಣೆದುರಿಗೆ ಇಲ್ಲದವರ ಬಗ್ಗೆ, ನಮ್ಮವರಲ್ಲದವರ ಬಗ್ಗೆ ಯೋಚಿಸುವ ಅಭ್ಯಾಸ ನಮಗೆ ಕಡಿಮೆ. ನಮ್ಮ ಬಡಾವಣೆ, ನಮ್ಮ ಜಾತಿಯ ಸಂಘ, ನಮ್ಮ ಹಳೆಯ ವಿದ್ಯಾರ್ಥಿಗಳ ಬಳಗ, ಇಷ್ಟರೊಳಗೆ ನಾವು ಬಹಳ ಉದಾರಿಗಳು. ಈ ಗೆರೆಯ ಆಚೆಗೆ ಹೋಗುವುದನ್ನು ಕಲಿಸುವ ಕೆಲಸಗಳಲ್ಲಿ ರಕ್ತದಾನಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಬಾಡಿಗೆಗೆ ಮನೆ ಕೊಡುವಾಗ ಜಾತಿ ಕೇಳುವ ಊರು ನಮ್ಮದು. ಆದರೆ ರಕ್ತದ ಚೀಲದ ಮೇಲೆ ಗುಂಪು, ಸಂಖ್ಯೆ, ತೆಗೆದ ದಿನ, ಕೆಡುವ ದಿನ ಇರುತ್ತದೆಯೇ ಹೊರತು ಜಾತಿ ಇರುವುದಿಲ್ಲ. ಯಾರು ಕೊಟ್ಟರು ಎಂದು ಪಡೆದವರಿಗೆ ತಿಳಿಯುವುದಿಲ್ಲ, ಯಾರಿಗೆ ಹೋಯಿತು ಎಂದು ಕೊಟ್ಟವರಿಗೂ ತಿಳಿಯುವುದಿಲ್ಲ. ಥ್ಯಾಂಕ್ಸ್ ಕೂಡ ತಿರುಗಿ ಬರದ ಇಂಥ ದಾನ ಬಸವಣ್ಣನವರ ಕಾಲದಿಂದ ದಾಸೋಹದ ಮಾತಾಡಿಕೊಂಡು ಬಂದ ನಾಡಿಗೆ ಹೊಸದೇನಲ್ಲ.

ಅಷ್ಟೊಂದು ಶಿಬಿರಗಳು ನಡೆಯುತ್ತವಲ್ಲ, ಆದರೂ ಕೊರತೆ ಏಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾಯಕರ ಹುಟ್ಟುಹಬ್ಬಕ್ಕೆ, ನಟರ ಹುಟ್ಟುಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಬೃಹತ್ ರಕ್ತದಾನ ಶಿಬಿರ ಎಂದು ಬ್ಯಾನರ್ ಕಟ್ಟುತ್ತಾರೆ. ಒಂದೇ ದಿನ ಸಾವಿರಾರು ಜನ ಬಂದು ಕೊಡುತ್ತಾರೆ. ಅವರ ಮನಸ್ಸು ದೊಡ್ಡದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ 35 ದಿನದ ಲೆಕ್ಕ ಮತ್ತೆ ನೋಡಿ. ಒಂದೇ ದಿನ ಬಂದ ರಾಶಿ ರಕ್ತದಲ್ಲಿ ಆ ಊರಿನ ಆಸ್ಪತ್ರೆಗಳು ಬಳಸುವಷ್ಟು ಬಳಸಿ ಉಳಿದದ್ದನ್ನು ಬೇರೆ ಕಡೆ ಕಳಿಸಲಾಗದಿದ್ದರೆ ಅದು ಅವಧಿ ಮೀರಿ ನಾಶವಾಗುತ್ತದೆ. ಅಂದು ಕೊಟ್ಟ ಸಾವಿರಾರು ಜನ ಮುಂದಿನ 3 ತಿಂಗಳು ಕೊಡುವಂತೆಯೂ ಇಲ್ಲ. ಏಪ್ರಿಲ್, ಮೇ ತಿಂಗಳು ಬಂದರೆ ಕಾಲೇಜುಗಳಿಗೆ ಪರೀಕ್ಷೆ, ರಜೆ. ಶಿಬಿರಗಳಿಗೆ ಬರುವವರಲ್ಲಿ ವಿದ್ಯಾರ್ಥಿಗಳೇ ಹೆಚ್ಚಾದ್ದರಿಂದ ಫ್ರಿಜ್ಜು ಬರಿದಾಗುತ್ತದೆ. ಅಪಘಾತಗಳಿಗೆ, ಹೆರಿಗೆಗಳಿಗೆ ಬೇಸಿಗೆ ರಜೆ ಇರುವುದಿಲ್ಲ. ಹುಟ್ಟುಹಬ್ಬದ ದಿನವೇ ಸಾಲು ನಿಲ್ಲಿಸಬೇಕೆಂದಿರುವ ಅಭಿಮಾನಿ ಸಂಘಗಳಿಗೆ ನನ್ನದೊಂದು ವಿನಂತಿ ಇದೆ. ಅಂದು ಹೆಸರು, ಗುಂಪು, ಫೋನ್ ನಂಬರು ಬರೆದುಕೊಳ್ಳಿ. ಆಮೇಲೆ ವಾರಕ್ಕೆ ಇಷ್ಟು ಜನ ಎಂದು ಹಂಚಿ ವರ್ಷವಿಡೀ ಕಳಿಸಿ. ಪತ್ರಿಕೆಯಲ್ಲಿ ಫೋಟೊ ಚಿಕ್ಕದಾಗಬಹುದು, ಆದರೆ ಉಳಿಯುವ ಜೀವ ಹೆಚ್ಚುತ್ತದೆ.

ನಿಯಮಿತವಾಗಿ ಕೊಡುವುದು ಎಂದರೇನು ಎಂದು ತಿಳಿಯಬೇಕಾದರೆ ಥಲಸ್ಸೀಮಿಯಾ ಇರುವ ಮಕ್ಕಳ ಬದುಕನ್ನು ನೋಡಬೇಕು. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗ ಮಗುವಿನ ದೇಹ ಸರಿಯಾದ ಹಿಮೋಗ್ಲೋಬಿನ್ ತಯಾರಿಸಲಾರದು. ಕಾಯಿಲೆ ತೀವ್ರವಾಗಿದ್ದರೆ 2ರಿಂದ 4 ವಾರಕ್ಕೊಮ್ಮೆ ರಕ್ತ ಏರಿಸಬೇಕು, ಅದೂ ಜೀವನಪರ್ಯಂತ. ಮೂರು ವಾರಕ್ಕೊಮ್ಮೆ ಎಂದಿಟ್ಟುಕೊಂಡರೂ ವರ್ಷಕ್ಕೆ 17 ಸಲ. ಒಬ್ಬ ಗಂಡಸು ವರ್ಷಕ್ಕೆ ಹೆಚ್ಚೆಂದರೆ 4 ಸಲ ಕೊಡಬಹುದು. ಸಲಕ್ಕೆ ಒಂದೇ ಚೀಲ ಸಾಕಾಗುವ ಪುಟ್ಟ ಮಗುವಿಗೂ ತಪ್ಪದೆ ಕೊಡುವ 5 ಜನ ಬೇಕು. ಬೆಳೆದಂತೆ ಚೀಲಗಳೂ ಹೆಚ್ಚು, ಕೊಡುವವರೂ ಹೆಚ್ಚು ಬೇಕು. ಆ ಮಗುವಿನ ಅಪ್ಪ ಅಮ್ಮನಿಗೆ ಪ್ರತಿ ಮೂರು ವಾರಕ್ಕೆ ‘ಡೋನರ್ ಕರ್ಕೊಂಡು ಬನ್ನಿ’ ಎಂದರೆ ಅವರು ಯಾರ ಮನೆ ಬಾಗಿಲು ತಟ್ಟಬೇಕು? ಮೊದಲ ವರ್ಷ ಬಂಧುಗಳು ಬರುತ್ತಾರೆ. ಎರಡನೆಯ ವರ್ಷ ಫೋನ್ ಎತ್ತುವುದು ಕಡಿಮೆಯಾಗುತ್ತದೆ. ಬಂಧುಗಳನ್ನು ದೂರಿ ಫಲವಿಲ್ಲ, ಈ ಭಾರ ಒಂದು ಕುಟುಂಬ ಹೊರುವಂಥದ್ದೇ ಅಲ್ಲ, ಊರು ಹೊರಬೇಕಾದದ್ದು. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್‌ನಂಥ ಸಂಸ್ಥೆಗಳ ಸ್ವಯಂಸೇವಕರು ಇಂಥ ಮಕ್ಕಳ ಚಿಕಿತ್ಸೆಗೆ ಬೆನ್ನಾಗಿ ನಿಂತಿದ್ದಾರೆ. ರಕ್ತ ಹೊಂದಿಸುವುದಷ್ಟೇ ಅಲ್ಲ, ಪದೇ ಪದೇ ರಕ್ತ ಏರಿಸುವುದರಿಂದ ಮೈಯಲ್ಲಿ ಸೇರುವ ಹೆಚ್ಚುವರಿ ಕಬ್ಬಿಣವನ್ನು ಹೊರಹಾಕುವ ಔಷಧಿ ತಪ್ಪದಂತೆ ನೋಡಿಕೊಳ್ಳುವುದೂ ಈ ಆರೈಕೆಯ ಭಾಗ.

ಅದೇ ಸಂಸ್ಥೆಯ ಹೆಸರು ಇನ್ನೊಂದು ಅಪರೂಪದ ಕೆಲಸಕ್ಕೂ ಕೇಳಿಬರುತ್ತದೆ. 1952ರಲ್ಲಿ ಮುಂಬೈಯಲ್ಲಿ ಡಾಕ್ಟರ್ ವೈ.ಎಂ. ಭೇಂಡೆ ಮತ್ತು ಅವರ ಸಂಗಡಿಗರು ಗುರುತಿಸಿದ ಒಂದು ರಕ್ತದ ಗುಂಪಿದೆ, ಬಾಂಬೆ ಗುಂಪು ಎಂದೇ ಅದರ ಹೆಸರು. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗೆ ಇರುತ್ತದೆ ಎಂದು ಅಂದಾಜು. ಮಾಮೂಲಿ ಪರೀಕ್ಷೆಯಲ್ಲಿ ಅದು ಓ ಗುಂಪಿನ ಹಾಗೆ ಕಾಣುತ್ತದೆ. ಆದರೆ ಎಲ್ಲರಿಗೂ ಹೊಂದುವ ಓ ನೆಗೆಟಿವ್ ಕೂಡ ಇವರಿಗೆ ಹೊಂದದು. ಬಾಂಬೆ ಗುಂಪಿನವರಿಗೆ ಬಾಂಬೆ ಗುಂಪಿನವರೇ ಗತಿ. 2017ರಲ್ಲಿ ಮ್ಯಾನ್ಮಾರಿನ ಯಾಂಗೂನ್‌ನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಿದ್ದ ಒಬ್ಬ ಮಹಿಳೆಗೆ ಈ ರಕ್ತ ಬೇಕಾಯಿತು. ಆ ದೇಶದಲ್ಲಿ ಸಿಗಲಿಲ್ಲ. ಕೊನೆಗೆ ಸಂಕಲ್ಪದವರ ನೆರವಿನಿಂದ ನಮ್ಮ ದಾವಣಗೆರೆಯ ಬ್ಲಡ್ ಬ್ಯಾಂಕಿನಿಂದ ಎರಡು ಚೀಲ ರಕ್ತ ತಣ್ಣನೆಯ ಪೆಟ್ಟಿಗೆಯಲ್ಲಿ ಕೊರಿಯರ್ ಮೂಲಕ ಯಾಂಗೂನ್ ತಲುಪಿತು. ದಾವಣಗೆರೆಯಲ್ಲಿ ಆ ರಕ್ತ ಕೊಟ್ಟವರು ಕೊಡುವಾಗ ಅದು ಸಮುದ್ರ ದಾಟುತ್ತದೆ ಎಂದುಕೊಂಡಿರಲು ಸಾಧ್ಯವಿಲ್ಲ. ಅವರು ಕೊಟ್ಟು ಮನೆಗೆ ಹೋದರು, ರಕ್ತ ಇತ್ತು, ಬೇಕಾದಾಗ ಸಿಕ್ಕಿತು.

ಇದನ್ನೇ ಬದುಕಿನುದ್ದಕ್ಕೂ ಮಾಡಿದವರು ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್. ಹದಿನಾಲ್ಕನೆಯ ವಯಸ್ಸಿನಲ್ಲಿ ಎದೆಯ ದೊಡ್ಡ ಶಸ್ತ್ರಚಿಕಿತ್ಸೆಯಾಗಿ, ಗುರುತಿಲ್ಲದವರ ರಕ್ತದಿಂದ ಬದುಕಿದ ಹುಡುಗ. ಹದಿನೆಂಟು ತುಂಬಿದೊಡನೆ ತಾನೂ ಕೊಡಲು ಶುರು ಮಾಡಿದರು. ಅವರ ಪ್ಲಾಸ್ಮಾದಲ್ಲಿ ಆ್ಯಂಟಿ-ಡಿ ಎಂಬ ಅಪರೂಪದ ಪ್ರತಿಕಾಯ ಹೇರಳವಾಗಿದೆ ಎಂದು ಆಮೇಲೆ ಗೊತ್ತಾಯಿತು. ರಕ್ತ ನೆಗೆಟಿವ್ ಇರುವ ತಾಯಿಯ ಹೊಟ್ಟೆಯಲ್ಲಿ ಪಾಸಿಟಿವ್ ಮಗು ಇದ್ದಾಗ ತಾಯಿಯ ದೇಹವೇ ಮಗುವಿನ ರಕ್ತಕಣಗಳ ಮೇಲೆ ತಿರುಗಿಬೀಳಬಹುದು. ಅದನ್ನು ತಡೆಯುವ ಇಂಜೆಕ್ಷನ್ನಿಗೆ ಇಂಥ ಪ್ಲಾಸ್ಮಾ ಬೇಕು. 81ನೆಯ ವಯಸ್ಸಿನಲ್ಲಿ, ನಿಯಮದ ಪ್ರಕಾರ ನಿಲ್ಲಿಸಲೇಬೇಕಾಗಿ ಬಂದ 2018ರವರೆಗೆ ಅವರು 1,173 ಸಲ ಕೊಟ್ಟರು. ಸುಮಾರು 24 ಲಕ್ಷ ಶಿಶುಗಳಿಗೆ ಅದರಿಂದ ರಕ್ಷಣೆ ಸಿಕ್ಕಿತು ಎಂದು ಅಲ್ಲಿನ ರೆಡ್ ಕ್ರಾಸ್ ಅಂದಾಜು ಮಾಡಿದೆ. ಸೂಜಿ ಚುಚ್ಚುವುದನ್ನು ನೋಡಲು ಅವರಿಗೆ ಕೊನೆಯವರೆಗೂ ಹೆದರಿಕೆಯಿತ್ತಂತೆ, ಪ್ರತಿ ಸಲವೂ ಮುಖ ಆಚೆ ತಿರುಗಿಸುತ್ತಿದ್ದರಂತೆ. 2025ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಅವರಿಗೆ 88.

ಹೆದರಿಕೆಯ ಮಾತು ಬಂತು. ನಮ್ಮ ಮನೆಗಳಲ್ಲಿ ಹುಡುಗರು ರಕ್ತ ಕೊಟ್ಟು ಬಂದರೆ ಅಮ್ಮಂದಿರು ‘ಒಂದು ತೊಟ್ಟು ರಕ್ತ ಆಗೋಕೆ ಎಷ್ಟು ದಿನ ಉಣ್ಣಬೇಕು ಗೊತ್ತೇನೋ’ ಎಂದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಆ ಪ್ರೀತಿಯನ್ನು ಹಗುರ ಮಾಡುವುದು ಬೇಡ, ವಿಷಯ ತಿಳಿಸಿದರೆ ಸಾಕು. ಕಳೆದ ದ್ರವದ ಭಾಗ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪುಕಣಗಳು ಕೆಲವು ವಾರಗಳಲ್ಲಿ. ಅದಕ್ಕೆಂದೇ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ ಇಟ್ಟಿರುವುದು. ವಯಸ್ಸು 18ರಿಂದ 65ರೊಳಗೆ, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಈ ಕೊನೆಯ ಅಂಕಿಯಲ್ಲಿ ನಮ್ಮ ಹೆಣ್ಣುಮಕ್ಕಳು ನಿಂತುಬಿಡುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕೊಡುವ ಮನಸ್ಸಿಟ್ಟುಕೊಂಡು ಶಿಬಿರಕ್ಕೆ ಬಂದು, ಬೆರಳು ಚುಚ್ಚಿಸಿಕೊಂಡು, ಆಗುವುದಿಲ್ಲ ಎನ್ನಿಸಿಕೊಂಡು ಮುಖ ಸಣ್ಣ ಮಾಡಿಕೊಳ್ಳುವ ಹುಡುಗಿಯರು ಎಷ್ಟೋ ಮಂದಿ. ಅವರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮನೆಮಂದಿಗೆಲ್ಲ ಬಡಿಸಿ ಉಳಿದದ್ದನ್ನು ಉಣ್ಣುವ ನಮ್ಮ ಅಡುಗೆಮನೆಗಳ ಪದ್ಧತಿಯನ್ನು ಆ ಪರೀಕ್ಷೆ ಬಯಲಿಗೆ ಹಾಕುತ್ತದೆ. ಅಂದು ತಿಳಿದ ಸಂಖ್ಯೆಯನ್ನು ಹಿಡಿದು ಡಾಕ್ಟರ ಹತ್ತಿರ ಹೋದರೆ ಅದೇ ದೊಡ್ಡ ಲಾಭ.

ಕೊಡಲಾಗದವರು ಮಾಡಬಹುದಾದ ಕೆಲಸ ಕೊಡುವವರದಕ್ಕಿಂತ ಕಡಿಮೆಯದಲ್ಲ. ಯಾವ ಬ್ಲಡ್ ಬ್ಯಾಂಕಿನಲ್ಲಾದರೂ ಕೇಳಿನೋಡಿ, ಅವರಿಗೆ ಬೇಕಾಗಿರುವುದು ಫೋನ್ ಮಾಡುವವರು. ದಾನಿಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಇವರು ಕೊಟ್ಟು ಮೂರು ತಿಂಗಳಾಯಿತು ಎಂದು ನೋಡಿ, ನೆನಪಿಸಿ, ಬರುವ ದಿನ ಗೊತ್ತುಮಾಡಿ, ಬಾರದಿದ್ದರೆ ಬೇಸರಿಸದೆ ಮತ್ತೆ ಕೇಳುವವರು. ಶಿಬಿರದಲ್ಲಿ ಕೊಟ್ಟೆದ್ದವರನ್ನು ಹತ್ತು ಹದಿನೈದು ನಿಮಿಷ ಕೂರಿಸಿ, ಜ್ಯೂಸು ಬಿಸ್ಕತ್ತು ಕೊಟ್ಟು, ತಲೆ ಸುತ್ತುತ್ತದೆಯೇ ಎಂದು ಮುಖ ನೋಡುತ್ತಿರುವವರು. ಮೊದಲ ಸಲ ಬಂದವನ ಪಕ್ಕ ನಿಂತು ಮಾತಾಡಿಸುವವರು. ಆ ಮೊದಲ ಸಲ ಒಳ್ಳೆಯ ಅನುಭವವಾದರೆ ಅವನು ಎರಡನೆಯ ಸಲ ಬರುತ್ತಾನೆ, ಎರಡನೆಯ ಸಲ ಬಂದವನು ಅಭ್ಯಾಸ ಮಾಡಿಕೊಳ್ಳುತ್ತಾನೆ. ಇಂಥ ಸ್ವಯಂಸೇವೆಯಲ್ಲಿ ಹೇಳಿಕೊಳ್ಳುವಂಥ ಸಾಹಸ ಏನೂ ಇಲ್ಲ. ಅರ್ಧ ಭಾನುವಾರ ಹೋಗುತ್ತದೆ, ಬಹಳಷ್ಟು ಫೋನ್ ಕರೆಗಳನ್ನು ಯಾರೂ ಎತ್ತುವುದಿಲ್ಲ. ಸ್ವಂತಕ್ಕೆ ಏನೂ ಸಿಗದ ಕೆಲಸವನ್ನು ಹೀಗೆ ಬೇಸರಪಡದೆ ವರ್ಷಗಟ್ಟಲೆ ಮಾಡುವವರು ಇರುವುದರಿಂದಲೇ ಆ ಫ್ರಿಜ್ಜಿನಲ್ಲಿ ಏನಾದರೂ ಇರುವುದು.

ವಾಟ್ಸ್‌ಆ್ಯಪ್ಪಿನಲ್ಲಿ ‘ತುರ್ತಾಗಿ ರಕ್ತ ಬೇಕಾಗಿದೆ’ ಎಂಬ ಸಂದೇಶ ಬಂದ ಕೂಡಲೇ ಹತ್ತು ಗ್ರೂಪುಗಳಿಗೆ ಕಳಿಸುವುದನ್ನೂ ಸೇವೆ ಎಂದುಕೊಂಡಿದ್ದೇವೆ. ಕಳಿಸುವ ಮೊದಲು ಅದರಲ್ಲಿರುವ ನಂಬರಿಗೆ ಒಂದು ಸಲ ಕರೆ ಮಾಡಿ. ದಿನಾಂಕವಿಲ್ಲದ ಸಂದೇಶಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಊರೂರು ಸುತ್ತುತ್ತವೆ. ಆ ರೋಗಿ ಗುಣವಾಗಿ ಮನೆಗೆ ಹೋಗಿರಬಹುದು, ಅಥವಾ ತೀರಿಹೋಗಿರಬಹುದು. ತೀರಿಹೋದ ಮಗನ ರಕ್ತದ ಗುಂಪು ವಿಚಾರಿಸಿಕೊಂಡು ಅಪರಿಚಿತರು ಇನ್ನೂ ಕರೆ ಮಾಡುತ್ತಿದ್ದರೆ ಆ ತಂದೆಗೆ ಏನಾಗಬೇಕು? ಅದೂ ಅಲ್ಲದೆ, ಸುಳ್ಳು ಕರೆಗೆ ಎರಡು ಸಲ ಓಡಿಹೋದವನು ಮೂರನೆಯ ಸಲ ನಿಜವಾದ ಕರೆಗೂ ಏಳುವುದಿಲ್ಲ.

ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಜೂನ್ 14, ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ, ವಿಶ್ವ ರಕ್ತದಾನಿಗಳ ದಿನ. ಆ ದಿನಗಳಿಗೆ ಕಾಯಬೇಡಿ. ಸಂದೇಶಕ್ಕೂ ಕಾಯಬೇಡಿ, ನಿಮ್ಮವರು ಯಾರಾದರೂ ಆಸ್ಪತ್ರೆ ಸೇರುವುದಕ್ಕಂತೂ ಕಾಯಲೇಬೇಡಿ. ಹತ್ತಿರದ ಜಿಲ್ಲಾಸ್ಪತ್ರೆಗೋ ರೆಡ್ ಕ್ರಾಸ್ ಬ್ಲಡ್ ಬ್ಯಾಂಕಿಗೋ, ಕೆಲಸ ಕಡಿಮೆ ಇರುವ ಒಂದು ಮಾಮೂಲಿ ದಿನ, ಚೆನ್ನಾಗಿ ತಿಂಡಿ ತಿಂದು ಹೋಗಿ. ಹೋಗಿ ಬರುವುದು ಬಿಟ್ಟರೆ ಎಲ್ಲ ಸೇರಿ ಒಂದು ಗಂಟೆಯೊಳಗಿನ ಕೆಲಸ, ಅದರಲ್ಲಿ ಸೂಜಿ ತೋಳಿನಲ್ಲಿರುವುದು ಹತ್ತು ನಿಮಿಷದಷ್ಟು ಮಾತ್ರ. ಫಾರಂನಲ್ಲಿ ಕೇಳಿದ್ದಕ್ಕೆಲ್ಲ ನಿಜ ಹೇಳಿ. ‘ಯಾವ ಪೇಷಂಟಿಗೆ?’ ಎಂದು ಅಲ್ಲಿನವರು ಕೇಳಬಹುದು. ಯಾರಿಗಾದರೂ ಸರಿ ಎನ್ನಿ.